ಪಾಡ್‌ಕಾಸ್ಟ್ ಅಂದ್ರೆ ಮೊಬೈಲಲ್ಲಿ ಬರೋ ರೇಡಿಯೊ ತಾನೆ?

ಕಳೆದ ತಿಂಗಳು ಹಾಲಿನ ಡೈರಿ ಮುಂದೆ ಹಿರಿಯರೊಬ್ಬರು ನಮ್ಮನ್ನು ತಡೆದು ನಿಲ್ಲಿಸಿದರು. "ಏನಪ್ಪಾ, ಅದೇನೋ ಪಾಡ್‌ಕಾಸ್ಟು ಅಂತೀರಲ್ಲ, ಮೊಬೈಲಲ್ಲಿ ಬರೋ ರೇಡಿಯೊ ತಾನೆ ಅದು?" ಅವರ ಕೈಯಲ್ಲಿ ಕ್ಯಾನು, ಹಿಂದೆ ಉದ್ದ ಸಾಲು. "ಹೂಂ ತಾತ, ಹಂಗೇ ಅನ್ಕೊಳ್ಳಿ" ಎಂದು ಹೇಳಿ ಬಂದುಬಿಟ್ಟೆವು. ಅದು ತಪ್ಪು ಉತ್ತರ. ಸರಿಯಾದ ಉತ್ತರ ಹೇಳಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು, ಡೈರಿ ಸಾಲಿನಲ್ಲಿ ನಿಂತು ಮುಗಿಯುವ ಮಾತಲ್ಲ.

ಮೈಸೂರಿನಿಂದಲೇ ಶುರು ಮಾಡೋಣ. 1935ರ ಸೆಪ್ಟೆಂಬರ್ 10ರಂದು ಮಹಾರಾಜ ಕಾಲೇಜಿನ ಮನಃಶಾಸ್ತ್ರ ಪ್ರಾಧ್ಯಾಪಕ ಡಾ. ಎಂ.ವಿ. ಗೋಪಾಲಸ್ವಾಮಿ ಒಂಟಿಕೊಪ್ಪಲಿನ ತಮ್ಮ ಮನೆಯಲ್ಲಿ 30 ವಾಟ್‌ನ ಪುಟ್ಟ ಟ್ರಾನ್ಸ್‌ಮೀಟರ್ ಇಟ್ಟು ರೇಡಿಯೊ ಪ್ರಸಾರ ಆರಂಭಿಸಿದರು. 30 ವಾಟ್ ಅಂದರೆ ನಮ್ಮ ಮನೆಗಳಲ್ಲಿದ್ದ ಹಳೆಯ ಟ್ಯೂಬ್‌ಲೈಟಿಗಿಂತಲೂ ಕಡಿಮೆ. ಮನೆಯ ಹೆಸರು ವಿಠಲ ವಿಹಾರ. ಪ್ರಸಾರಕ್ಕೆ ಇಟ್ಟ ಹೆಸರು ಆಕಾಶವಾಣಿ. ಸರ್ಕಾರ ಹೇಳಿ ಮಾಡಿಸಿದ್ದಲ್ಲ, ಕಂಪನಿ ಲಾಭಕ್ಕೆ ಮಾಡಿದ್ದೂ ಅಲ್ಲ. ಒಬ್ಬ ಮೇಷ್ಟ್ರಿಗೆ ಆಸೆಯಾಯಿತು, ಕೈಯಿಂದ ದುಡ್ಡು ಹಾಕಿದರು, ಮನೆಯಿಂದಲೇ ಊರಿಗೆ ಮಾತು, ಹಾಡು ಕೇಳಿಸಿದರು. ಮುಂದೆ ನಗರಸಭೆಯೂ ನೆರವಾಯಿತು, ಟ್ರಾನ್ಸ್‌ಮೀಟರ್ ಕೂಡ ದೊಡ್ಡದಾಯಿತು.

ಆದರೆ ಅದು ಒಬ್ಬರ ಮನೆಯದಾಗಿ ಬಹಳ ಕಾಲ ಉಳಿಯಲಿಲ್ಲ. 1942ರಲ್ಲಿ ಮೈಸೂರು ಸಂಸ್ಥಾನದ ಕೈಗೆ ಹೋಯಿತು. 1950ರಲ್ಲಿ ಆಲ್ ಇಂಡಿಯಾ ರೇಡಿಯೊಗೆ ಸೇರಿತು. 1955ರಲ್ಲಿ ಕೇಂದ್ರವೇ ಬೆಂಗಳೂರಿಗೆ ವರ್ಗವಾಯಿತು. ಮೇಷ್ಟ್ರು ಮನೆಯಲ್ಲಿ ಇಟ್ಟ ಹೆಸರು ಇಡೀ ದೇಶದ ಸರ್ಕಾರಿ ರೇಡಿಯೊದ ಹೆಸರಾಯಿತು. ಹೆಸರು ಬೆಳೆಯಿತು, ಮನೆಯಿಂದ ಮಾತಾಡುವ ಅವಕಾಶ ಹೋಯಿತು. ನಮ್ಮ ನಾಡಿನಲ್ಲಿ ರೇಡಿಯೊ ಹುಟ್ಟಿದ್ದು ಒಬ್ಬ ಖಾಸಗಿ ಮನುಷ್ಯನ ಮನೆಯಲ್ಲಿ ಎಂಬುದು ಪತ್ರಿಕೋದ್ಯಮ ಓದಿದ ನಮಗೂ ಪರೀಕ್ಷೆಗೆ ಎರಡು ಅಂಕದ ಪ್ರಶ್ನೆಯಾಗಿ ಮಾತ್ರ ಗೊತ್ತಿತ್ತು.

ಹೀಗಾಗಲು ಒಂದು ತಾಂತ್ರಿಕ ಕಾರಣವೂ ಇದೆ, ಅದನ್ನು ಮರೆಯಬಾರದು. ರೇಡಿಯೊ ಅಲೆಗಳಿಗೆ ಜಾಗ ಕಡಿಮೆ. ಒಂದೇ ಕಾಲುವೆಗೆ ಇಬ್ಬರು ಒಂದೇ ಹೊತ್ತಿಗೆ ನೀರು ಬಿಟ್ಟರೆ ಇಬ್ಬರ ಹೊಲವೂ ಕೆಡುತ್ತದೆ. ಹಾಗೆಯೇ ಅಕ್ಕಪಕ್ಕದಲ್ಲಿ ಇಬ್ಬರು ಒಂದೇ ಅಲೆಯಲ್ಲಿ ಮಾತಾಡಿದರೆ ಕೇಳಿಸುವುದು ಬರೀ ಕರಕರ ಸದ್ದು. ಆದ್ದರಿಂದ ಯಾರಿಗೆ ಯಾವ ಅಲೆ ಎಂದು ಹಂಚುವವರೊಬ್ಬರು ಬೇಕು. ಆ ಅಧಿಕಾರ 1885ರ ಟೆಲಿಗ್ರಾಫ್ ಕಾಯ್ದೆಯ ಬಲದಿಂದ ಸರ್ಕಾರದ್ದಾಯಿತು. ಹಂಚುವವರೇ ಮಾತಾಡುವವರೂ ಆದರು, ಬೇರೆಯವರಿಗೆ ಬಾಗಿಲು ಮುಚ್ಚಿತು. ಮಾತಾಡುವುದು ಹೋಗಲಿ, ಕೇಳುವುದಕ್ಕೂ ಲೈಸೆನ್ಸ್ ಬೇಕಿತ್ತು. ರೇಡಿಯೊ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಅಂಚೆ ಕಚೇರಿಯಲ್ಲಿ ದುಡ್ಡು ಕಟ್ಟಿ ಪುಸ್ತಕಕ್ಕೆ ಮುದ್ರೆ ಹಾಕಿಸಿಕೊಂಡು ಬರುತ್ತಿದ್ದರು. ಎಂಬತ್ತರ ದಶಕದವರೆಗೂ ಇದು ನಡೆಯಿತು. ಕೆಲವು ಮನೆಗಳ ಟ್ರಂಕಿನಲ್ಲಿ ಆ ಪುಸ್ತಕ ಇನ್ನೂ ಇದೆ, ಹುಡುಕಿ ನೋಡಿ.

ಸರ್ಕಾರಿ ರೇಡಿಯೊವನ್ನು ಹೀಗಳೆಯಲು ನಾವು ಇಲ್ಲಿ ಕೂತಿಲ್ಲ. ಕೃಷಿರಂಗ ಕೇಳಿ ಔಷಧಿ ಹೊಡೆದವರ ಮಕ್ಕಳು ನಾವು. ಪ್ರದೇಶ ಸಮಾಚಾರ ಬಂದರೆ ಅಡುಗೆಮನೆಯ ಸದ್ದೂ ನಿಲ್ಲುತ್ತಿತ್ತು. 1956ರಲ್ಲಿ ಆಗಿನ ಮುಂಬಯಿ ರಾಜ್ಯದ ಪುಣೆ ಕಡೆಯ ಸುಮಾರು 150 ಹಳ್ಳಿಗಳಲ್ಲಿ ಯುನೆಸ್ಕೊ ನೆರವಿನಿಂದ ಒಂದು ಪ್ರಯೋಗ ನಡೆಯಿತು. ರೈತರು ಗುಂಪಾಗಿ ಕೂತು ಕಾರ್ಯಕ್ರಮ ಕೇಳುವುದು, ಮುಗಿದ ಮೇಲೆ ಅದನ್ನು ಚರ್ಚೆ ಮಾಡುವುದು, ತಮ್ಮ ಅಭಿಪ್ರಾಯ, ಪ್ರಶ್ನೆಗಳನ್ನು ರೇಡಿಯೊ ಕೇಂದ್ರಕ್ಕೆ ತಿಳಿಸುವುದು. ಬಳಿಕ ಅದು ದೇಶದ ಬೇರೆ ಕಡೆಗೂ ಹಬ್ಬಿತು. ಅಷ್ಟು ಒಳ್ಳೆಯ ಕೆಲಸದಲ್ಲೂ ಮೈಕು ಮಾತ್ರ ಊರಿಗೆ ಬರಲಿಲ್ಲ. ಪ್ರಶ್ನೆ ಹಳ್ಳಿಯದು, ಧ್ವನಿ ಕೇಂದ್ರದ್ದು.

ಬ್ರಾಡ್‌ಕಾಸ್ಟ್ ಎಂಬ ಇಂಗ್ಲಿಷ್ ಪದ ಹುಟ್ಟಿದ್ದೇ ಹೊಲದಲ್ಲಿ. ಬೀಜವನ್ನು ಕೈಯಿಂದ ಎರಚಿ ಬಿತ್ತುವುದಕ್ಕೆ ಆ ಮಾತು. ಎಲ್ಲಿ ಬಿತ್ತು, ಎಷ್ಟು ಮೊಳೆಯಿತು ಎಂದು ಎರಚುವವನಿಗೆ ಒಂದೊಂದಾಗಿ ಗೊತ್ತಾಗುವುದಿಲ್ಲ. ರೇಡಿಯೊ ಮಾತಿನ ರೀತಿಯೂ ಹಾಗೆಯೇ. ಎಲ್ಲರಿಗೂ ಹೇಳಬೇಕು, ಯಾರನ್ನೂ ಗುರುತಿಟ್ಟು ಹೇಳುವಂತಿಲ್ಲ. ಅದಕ್ಕೇ ಕೋರಿಕೆ ಕಾರ್ಯಕ್ರಮಕ್ಕೆ ಅಷ್ಟು ಕಾರ್ಡುಗಳು ಹೋಗುತ್ತಿದ್ದವು ಎಂದು ನಮ್ಮ ಅನಿಸಿಕೆ. ಹಾಡು ಹೇಗೂ ಬರುತ್ತಿತ್ತು, ಜನ ಕಾಯುತ್ತಿದ್ದದ್ದು ತಮ್ಮ ಹೆಸರಿಗೆ, ತಮ್ಮ ಊರಿನ ಹೆಸರಿಗೆ.

ಒಂದೇ ಧ್ವನಿ ಇದ್ದರೆ ಏನಾಗುತ್ತದೆ ಎಂಬುದು 1975ರ ಜೂನ್ 26ರ ಬೆಳಿಗ್ಗೆ ಗೊತ್ತಾಯಿತು. ತುರ್ತುಪರಿಸ್ಥಿತಿ ಘೋಷಣೆಯಾಗಿದೆ ಎಂದು ಪ್ರಧಾನಿ ಇಂದಿರಾ ಗಾಂಧಿ ದೇಶಕ್ಕೆ ತಿಳಿಸಿದ್ದು ಆಕಾಶವಾಣಿಯಲ್ಲಿ. ಅದಕ್ಕೆ ಎದುರು ಮಾತಾಡಲು ದೇಶದೊಳಗೆ ಇನ್ನೊಂದು ರೇಡಿಯೊ ಇರಲಿಲ್ಲ. ಇಪ್ಪತ್ತು ವರ್ಷದ ಮೇಲೆ, 1995ರ ಫೆಬ್ರವರಿಯಲ್ಲಿ, ಸುಪ್ರೀಂ ಕೋರ್ಟ್ ಕ್ರಿಕೆಟ್ ಪಂದ್ಯದ ಪ್ರಸಾರದ ಜಗಳವೊಂದರಲ್ಲಿ ತೀರ್ಪು ಕೊಡುತ್ತಾ ಅಲೆಗಳು ಸಾರ್ವಜನಿಕರ ಆಸ್ತಿ ಎಂದು ಹೇಳಿತು. ಕ್ರಿಕೆಟ್‌ನಿಂದ ಹಳ್ಳಿಗೆ ಆದ ದೊಡ್ಡ ಉಪಕಾರ ಇದೊಂದೇ ಇರಬೇಕು.

ತೀರ್ಪು ಬಂದರೂ ಹಳ್ಳಿಗೆ ಲೈಸೆನ್ಸ್ ಬರಲಿಲ್ಲ. ಆಗ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಮಾಡಿದ ಕೆಲಸ ನಮಗೆ ಈ ಇಡೀ ಕಥೆಯಲ್ಲೇ ಅತ್ಯಂತ ಇಷ್ಟದ್ದು. ಹೈದರಾಲಿ ಹುಟ್ಟಿದ ಊರೆಂದು ಹೆಸರಾದ ಬೂದಿಕೋಟೆಯಲ್ಲಿ 2000ದ ದಶಕದ ಮೊದಲ ವರ್ಷಗಳಲ್ಲಿ ಮೈರಾಡ, ವಾಯ್ಸಸ್ ಸಂಸ್ಥೆಗಳು, ಯುನೆಸ್ಕೊ ಮತ್ತು ಮಹಿಳಾ ಸಂಘಗಳು ಸೇರಿ 'ನಮ್ಮ ಧ್ವನಿ' ಎಂಬ ಕೇಂದ್ರ ಕಟ್ಟಿದವು. ಸ್ಟುಡಿಯೊ ಇತ್ತು, ಮಾತಾಡುವವರಿದ್ದರು, ಅಲೆ ಮಾತ್ರ ಸಿಗಲಿಲ್ಲ. ಕಾರ್ಯಕ್ರಮವನ್ನು ಕ್ಯಾಸೆಟ್ಟಿಗೆ ತುಂಬಿ ಸಂಘದ ಸಭೆಗಳಲ್ಲಿ ಕೇಳಿಸಿದರು. ಆಮೇಲೆ ಊರಿನ ಟಿವಿ ಕೇಬಲ್ ತಂತಿಯಲ್ಲೇ ಧ್ವನಿ ಹರಿಸಿ ಮನೆಮನೆಗೆ ಮುಟ್ಟಿಸಿದರು. ಗಾಳಿಯಲ್ಲಿ ಕಳಿಸಿದರೆ ಅಪರಾಧ, ತಂತಿಯಲ್ಲಿ ಅಥವಾ ಕ್ಯಾಸೆಟ್ಟಿನಲ್ಲಿ ಕಳಿಸಿದರೆ ಅಪರಾಧವಲ್ಲ! ಮಾತು ಅದೇ, ಮಾತಾಡಿದ ಅಕ್ಕಂದಿರೂ ಅವರೇ.

ಸರ್ಕಾರ ಕಾಲೇಜುಗಳಿಗೆ ರೇಡಿಯೊ ಅನುಮತಿ ಕೊಡಲು ಒಪ್ಪಿದ್ದು 2002ರ ಕೊನೆಗೆ, ಸಂಘ ಸಂಸ್ಥೆಗಳಿಗೆ 2006ರಲ್ಲಿ. ಅಷ್ಟಾದರೂ ಒಂದು ಬೇಲಿ ಉಳಿಯಿತು. ಖಾಸಗಿ ಎಫ್‌ಎಂ ಆಗಲಿ, ಸಮುದಾಯ ರೇಡಿಯೊ ಆಗಲಿ ತಾವೇ ತಯಾರಿಸಿದ ಸುದ್ದಿ ಪ್ರಸಾರ ಮಾಡುವಂತಿಲ್ಲ. ಸುದ್ದಿ ಬೇಕೆಂದರೆ ಆಕಾಶವಾಣಿಯದ್ದನ್ನೇ ಕೇಳಿಸಬೇಕು.

ಬೂದಿಕೋಟೆಯಲ್ಲಿ ಕ್ಯಾಸೆಟ್ ಓಡಾಡುತ್ತಿದ್ದ ಹೆಚ್ಚುಕಡಿಮೆ ಅದೇ ವರ್ಷಗಳಲ್ಲಿ ಅಮೆರಿಕದಲ್ಲಿ ಪಾಡ್‌ಕಾಸ್ಟ್ ರೂಪ ಪಡೆಯುತ್ತಿತ್ತು. ಅಲ್ಲಿ ರೇಡಿಯೊ ಲೈಸೆನ್ಸಿನ ಕಷ್ಟ ನಮ್ಮಷ್ಟು ಇರಲಿಲ್ಲ. ಆದರೂ ದೊಡ್ಡ ಕೇಂದ್ರಗಳ ಹೊರಗೆ ನಿಂತು ಮಾತಾಡಬೇಕು ಎಂಬ ಆಸೆ ಇತ್ತು. ಟಿವಿ ನಿರೂಪಕ ಆ್ಯಡಮ್ ಕರಿ ಮತ್ತು ಸಾಫ್ಟ್‌ವೇರ್ ಬರೆಯುವ ಡೇವ್ ವೈನರ್ 2000ನೇ ಇಸವಿಯಲ್ಲಿ ಭೇಟಿಯಾಗಿ ಮಾತಾಡಿದರು. ಅದರ ಫಲವಾಗಿ ವೈನರ್ ಆರ್‌ಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಆಡಿಯೊ ಫೈಲನ್ನೂ ಸೇರಿಸಿ ಕಳಿಸುವ ದಾರಿ ಮಾಡಿದರು.

ಇದು ಪತ್ರಿಕೆಗೆ ಚಂದಾ ಕಟ್ಟಿದ ಹಾಗೆ. ಮಾತಾಡಿದವರು ಫೈಲನ್ನು ಇಂಟರ್‌ನೆಟ್ಟಿನಲ್ಲಿ ಒಂದು ಕಡೆ ಇಡುತ್ತಾರೆ, ಜೊತೆಗೆ ಹೊಸದಾಗಿ ಏನೇನು ಬಂತು ಎಂಬ ಪಟ್ಟಿಯನ್ನೂ ಇಡುತ್ತಾರೆ. ನಿಮ್ಮ ಆ್ಯಪ್ ಆ ಪಟ್ಟಿಯನ್ನು ಆಗಾಗ ನೋಡಿ ಹೊಸ ಸಂಚಿಕೆಯನ್ನು ತಂದುಕೊಳ್ಳುತ್ತದೆ. ನಡುವೆ ರೇಡಿಯೊ ಪ್ರಸಾರದ ಅಲೆ ಇಲ್ಲ, ಹಾಗಾಗಿ ಅದರ ಲೈಸೆನ್ಸೂ ಇಲ್ಲ.

2003ರಲ್ಲಿ ಇದನ್ನು ಬಳಸಿದವರಲ್ಲಿ ಮೊದಲಿಗರು ಕ್ರಿಸ್ಟೋಫರ್ ಲೈಡನ್. ಅವರು ಬಾಸ್ಟನ್ನಿನ ರೇಡಿಯೊ ಕೇಂದ್ರವೊಂದರಲ್ಲಿ ಹೆಸರು ಮಾಡಿ, ಕಾರ್ಯಕ್ರಮದ ಒಡೆತನ ಯಾರದು ಎಂಬ ವ್ಯಾಜ್ಯದಿಂದ 2001ರಲ್ಲಿ ಹೊರಬಂದವರು. ರೇಡಿಯೊ ಧ್ವನಿಯೇ ರೇಡಿಯೊ ಬಿಟ್ಟು ಬಂದ ಕಥೆ ಇದು. 2004ರ ಫೆಬ್ರವರಿಯಲ್ಲಿ ಬ್ರಿಟನ್ನಿನ 'ಗಾರ್ಡಿಯನ್' ಪತ್ರಿಕೆಯಲ್ಲಿ ಬೆನ್ ಹ್ಯಾಮರ್ಸ್ಲಿ ಈ ಹೊಸ ಸಂಗತಿಗೆ ಕೆಲವು ಹೆಸರು ಸೂಚಿಸುತ್ತಾ ಪಾಡ್‌ಕಾಸ್ಟಿಂಗ್ ಎಂಬುದನ್ನೂ ಬರೆದರು. ಐಪಾಡ್‌ನ ಪಾಡ್, ಬ್ರಾಡ್‌ಕಾಸ್ಟ್‌ನ ಕಾಸ್ಟ್. ಐಪಾಡ್ ಹೋಯಿತು, ಹೆಸರು ಉಳಿಯಿತು. 2005ರಲ್ಲಿ ಆ್ಯಪಲ್ ತನ್ನ ಐಟ್ಯೂನ್ಸ್‌ಗೆ ಪಾಡ್‌ಕಾಸ್ಟ್ ಸೇರಿಸಿದ ಮೇಲೆ ಇದು ಜಗತ್ತಿಗೆಲ್ಲ ಹಬ್ಬಿತು. ನಮ್ಮಲ್ಲಿ 2016ರ ಬಳಿಕ ಡೇಟಾ ಅಗ್ಗವಾದ ಮೇಲೆಯೇ ಇದು ಫೋನಿನ ಮಾತಾಯಿತು. 'ತಲೆ-ಹರಟೆ'ಯಂಥ ಕನ್ನಡ ಪಾಡ್‌ಕಾಸ್ಟ್ 2018ರಲ್ಲಿ ಶುರುವಾಯಿತು.

ಲೈಸೆನ್ಸ್ ತಪ್ಪಿದ್ದು ಒಂದು ವ್ಯತ್ಯಾಸ. ಇನ್ನೊಂದು ನಮಗೆ ಮಾಡಿ ನೋಡಿದ ಮೇಲೆ ಅರ್ಥವಾಯಿತು. ನಮ್ಮ ಬಳಗದ ಕೆಲವರು ಸೇರಿ ಊರ ಕೆರೆಯ ಒತ್ತುವರಿ ಬಗ್ಗೆ ಎಂಟು ನಿಮಿಷದ ಆಡಿಯೊ ಮಾಡಿದೆವು. ಡಿಪ್ಲೊಮಾದಲ್ಲಿ ಕಲಿತದ್ದು ಎಲ್ಲಿ ಹೋಗುತ್ತದೆ, ಗಂಟಲು ಸರಿಮಾಡಿಕೊಂಡು ವಾರ್ತೆ ಓದಿದ ಹಾಗೆ ಓದಿದೆವು. ಕೇಳಿದ ಅತ್ತಿಗೆಯೊಬ್ಬರು, "ಏನು, ನಮ್ಮ ಮೇಲೆ ಸಿಟ್ಟಾ?" ಅಂದರು. ಎರಡನೇ ಸಲ ಬರೆದದ್ದನ್ನು ಬದಿಗಿಟ್ಟು, ಆ ಅತ್ತಿಗೆಗೇ ಹೇಳಿದ ಹಾಗೆ ಹೇಳಿದೆವು. ನಡುವೆ ಕೋಳಿ ಕೂಗಿದ್ದೂ ಉಳಿಯಿತು. ವಾಟ್ಸ್ಆ್ಯಪ್‌ನಲ್ಲಿ ಬಿಟ್ಟ ಮೇಲೆ ತಿರುಗಿ ಬಂದದ್ದೂ ಧ್ವನಿಯೇ. ಕೆರೆ ತೂಬು ಎಲ್ಲಿತ್ತು, ಕಟ್ಟೆ ಮೇಲಿನ ಹುಣಸೆಮರ ಯಾವಾಗ ಕಡಿದರು ಎಂದು ಒಬ್ಬೊಬ್ಬರು ಒಂದೊಂದು ನಿಮಿಷ ಮಾತಾಡಿ ಕಳಿಸಿದರು. ಕಿವಿಯೊಳಗೆ ಒಬ್ಬರೇ ಕೇಳುವ ಮಾತಿಗೆ ಜನ ಉತ್ತರ ಕೊಡುತ್ತಾರೆ, ಅದನ್ನು ಭಾಷಣದಂತೆ ಕೇಳಿ ಬಿಡುವುದಿಲ್ಲ. ನಾಟಿ ಮಾಡಿದ ಪೈರಿನ ಹಾಗೆ, ಯಾವುದು ಎಲ್ಲಿದೆ ಎಂದು ನೆಟ್ಟವರಿಗೆ ಗೊತ್ತು.

ಆದರೆ ಎರಚಿದ ಬೀಜ ಬೀಳುವ ಕಡೆಯೆಲ್ಲ ನಾಟಿ ಆಗುವುದಿಲ್ಲ. ರೇಡಿಯೊಗೆ ಎರಡು ಸೆಲ್ ಸಾಕು, ಕೇಳುವವರು ಹತ್ತಾದರೂ ಲಕ್ಷವಾದರೂ ಖರ್ಚು ಒಂದೇ, ಪ್ರವಾಹ ಬಂದು ಟವರ್ ಬಿದ್ದ ದಿನವೂ ಮಾತು ಬರುತ್ತದೆ. ಪಾಡ್‌ಕಾಸ್ಟಿಗೆ ಸ್ಮಾರ್ಟ್‌ಫೋನ್ ಬೇಕು, ನೆಟ್‌ವರ್ಕ್ ಬೇಕು, ಹುಡುಕಲು ಅಕ್ಷರ ಬೇಕು. ಅರ್ಧ ಗಂಟೆ ಮಾತಿಗೆ ಸಾಮಾನ್ಯವಾಗಿ ಸುಮಾರು 15 ಎಂಬಿ ಅಥವಾ ಅದಕ್ಕಿಂತ ಹೆಚ್ಚು. ಮನೆಯಲ್ಲಿ ಒಂದೇ ಫೋನ್ ಇದ್ದರೆ ಅದು ಯಾರ ಕೈಯಲ್ಲಿರುತ್ತದೆ ಎಂದು ಹೇಳಬೇಕಿಲ್ಲ, ಅಜ್ಜಿಯ ಕೈಯಲ್ಲಂತೂ ಅಲ್ಲ. ಇನ್ನೊಂದು ಭಯವೂ ಇದೆ. ಆರ್‌ಎಸ್‌ಎಸ್ ಯಾರ ಸ್ವತ್ತೂ ಅಲ್ಲ. ಈಗ ಹೆಚ್ಚಿನವರು ಕೇಳುವುದು ಒಂದೆರಡು ದೊಡ್ಡ ಕಂಪನಿಗಳ ಆ್ಯಪ್‌ನಲ್ಲಿ. ಯಾವುದನ್ನು ಮುಂದೆ ತೋರಿಸಬೇಕು, ಯಾವುದನ್ನು ಮುಚ್ಚಬೇಕು ಎಂಬುದು ಅವರ ಇಷ್ಟ. ಗೂಗಲ್ ತನ್ನ ಪಾಡ್‌ಕಾಸ್ಟ್ ಆ್ಯಪನ್ನು 2024ರಲ್ಲಿ ಮುಚ್ಚಿಯೇಬಿಟ್ಟಿತು. ಅಲೆ ಹಂಚುವ ಕಚೇರಿ ತಪ್ಪಿಸಿಕೊಂಡು ಬಂದವರು ಇಲ್ಲಿ ಇನ್ನೊಂದು ಬಾಗಿಲ ಮುಂದೆ ನಿಂತಿದ್ದೇವೆ. ಅದಕ್ಕೇ ನಮ್ಮ ಆಡಿಯೊದ ಒಂದು ಪ್ರತಿಯನ್ನು ಮೆಮೊರಿ ಕಾರ್ಡಿನಲ್ಲೂ ಇಟ್ಟುಕೊಂಡಿದ್ದೇವೆ. ಬೂದಿಕೋಟೆಯವರ ಕ್ಯಾಸೆಟ್ ನೆನಪಾಗಿ ಮಾಡಿದ್ದು.

ಮೊನ್ನೆ ಡೈರಿ ಹತ್ತಿರ ಹೋಗಿ ಆ ತಾತನಿಗೆ ತಪ್ಪೊಪ್ಪಿಕೊಂಡೆವು. ಕೆರೆಯ ಆಡಿಯೊ ಹಾಕಿ ಫೋನ್ ಕಿವಿಗೆ ಹಿಡಿದೆವು. ಅವರು ಅದನ್ನು ಕಸಿದು ಸ್ಪೀಕರ್ ಒತ್ತಿಸಿ ಎಲ್ಲರಿಗೂ ಕೇಳುವಂತೆ ಕಟ್ಟೆ ಮೇಲೆ ಇಟ್ಟರು. ಐದು ಜನ ಸುತ್ತ ನಿಂತರು. ಎರಡು ನಿಮಿಷ ಆದ ಮೇಲೆ ತಾತ ಕೇಳಿದರು, "ಇದು ದಿನಾ ಎಷ್ಟೊತ್ತಿಗೆ ಬರುತ್ತೆ?"

"ಹೊತ್ತು ಅಂತಿಲ್ಲ ತಾತ. ನಿಮಗೆ ಬೇಕಾದಾಗ ಕೇಳಬಹುದು."

"ಹಂಗಾದ್ರೆ ನಾಳೆ ಕೇಳ್ತೀನಿ ಬಿಡು. ಈಗ ವಾರ್ತೆ ಹೊತ್ತಾಯ್ತು" ಎಂದು ಕ್ಯಾನು ಎತ್ತಿಕೊಂಡು ಹೊರಟರು. ಉಳಿದ ನಾಲ್ವರು ಪೂರ್ತಿ ಕೇಳಿದರು. ಒಬ್ಬರು ತೂಬಿನ ಜಾಗ ನಾವು ಹೇಳಿದ್ದು ತಪ್ಪು ಅಂದರು, ಅವರ ಮಾತನ್ನು ಅಲ್ಲೇ ರೆಕಾರ್ಡ್ ಮಾಡಿಕೊಂಡು ಬಂದಿದ್ದೇವೆ.