ಓದಿಗೂ ಆಟಕ್ಕೂ ಒಂದೇ ಕಂಪ್ಯೂಟರ್: ವಯನಾಡಿನ ಮನೆಗೆ ಬಿಡಿಭಾಗಗಳನ್ನು ಆರಿಸುವ ಬಗೆ

ವಯನಾಡಿನಲ್ಲಿ ಕಾಫಿ, ಕಾಳುಮೆಣಸುಗಳ ಕೊಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ಶಾಲೆಯ ವಾರ್ಷಿಕ ಪರೀಕ್ಷೆಗಳೂ ಮುಗಿದಿರುತ್ತವೆ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಮನೆಗೊಂದು ಕಂಪ್ಯೂಟರ್ ತರುವ ಮಾತು ಏಳುವುದು ಸಹಜ. ಹಿರಿಯರು ಅದನ್ನು ಓದಿಗೆಂದು ತರುತ್ತಾರೆ. ಮಕ್ಕಳು ಆಟಕ್ಕೆಂದು ಕೇಳುತ್ತಾರೆ. ಈ ಎರಡು ಬೇಡಿಕೆಗಳು ಒಂದಕ್ಕೊಂದು ವಿರುದ್ಧವಾದವುಗಳಲ್ಲ. ಭಾಗಗಳನ್ನು ಸರಿಯಾದ ಕ್ರಮದಲ್ಲಿ ಆರಿಸಿದರೆ ಒಂದೇ ಯಂತ್ರ ಎರಡಕ್ಕೂ ಒದಗುತ್ತದೆ. ಕ್ರಮ ತಪ್ಪಿದರೆ ಎರಡಕ್ಕೂ ಒದಗದ, ಬಣ್ಣದ ದೀಪ ಹೊತ್ತಿಸಿಕೊಂಡ ಪೆಟ್ಟಿಗೆಯೊಂದು ಮನೆ ಸೇರುತ್ತದೆ. ಈ ವಿಷಯದ ವಿವರಣೆಗಳು ಮಲಯಾಳ, ಹಿಂದಿ, ಇಂಗ್ಲಿಷ್ ಭಾಷೆಗಳಲ್ಲಿ ಧಾರಾಳವಾಗಿ ಸಿಗುತ್ತವೆ. ಕನ್ನಡ ಮಾತ್ರ ಓದಬಲ್ಲ ತಾಯಿತಂದೆಯರು ಅಂಗಡಿಯಲ್ಲಿ ಮಕ್ಕಳು ಹೇಳಿದ್ದಕ್ಕೆ ತಲೆಯಾಡಿಸಿ ಹಣ ಎಣಿಸಿ ಬರುವುದನ್ನು ನಾವು ಕಂಡಿದ್ದೇವೆ. ಅವರಿಗಾಗಿ ಈ ಬರಹ.

ಬೆಲೆಗಳನ್ನು ಇಲ್ಲಿ ಬರೆದಿಲ್ಲ. ಅವು ವಾರದಿಂದ ವಾರಕ್ಕೆ ಬದಲಾಗುತ್ತವೆ. ಯಾವುದಕ್ಕೆ ಮೊದಲು ಹಣ ಹಾಕಬೇಕು, ಯಾವುದನ್ನು ಮುಂದಿನ ಕೊಯ್ಲಿಗೆ ಬಿಡಬಹುದು ಎಂಬ ಲೆಕ್ಕವಷ್ಟೇ ಇಲ್ಲಿದೆ.

ಶಾಲೆ ಕೇಳುವುದೇನು?

ಕೇರಳದ ಶಾಲೆಗಳಲ್ಲಿ ಕಂಪ್ಯೂಟರ್ ಪಾಠವು ಸ್ವತಂತ್ರ ತಂತ್ರಾಂಶದ ಮೇಲೆ ನಿಂತಿದೆ. ಹಿಂದಿನ ಐಟಿ ಅಟ್ ಸ್ಕೂಲ್ ಯೋಜನೆ 2017ರಲ್ಲಿ ‘ಕೈಟ್’ ಎಂಬ ಸರಕಾರಿ ಕಂಪೆನಿಯಾಯಿತು. 2018ರಲ್ಲಿ ಪ್ರೌಢಶಾಲೆಗಳ ‘ಲಿಟ್ಲ್ ಕೈಟ್ಸ್’ ಕೂಟಗಳು ಆರಂಭವಾದವು. ಶಾಲೆಯ ಯಂತ್ರಗಳಲ್ಲಿರುವುದು ಉಬುಂಟು ಆಧಾರಿತ ಕೈಟ್ ಗ್ನೂ/ಲಿನಕ್ಸ್. ಜಿಯೋಜೀಬ್ರಾ, ಲಿಬ್ರೆ ಆಫೀಸ್, ಜಿಂಪ್, ಇಂಕ್‌ಸ್ಕೇಪ್, ಸ್ಕ್ರ್ಯಾಚ್ ಮುಂತಾದವುಗಳಲ್ಲಿ ಮಕ್ಕಳು ಕೈಯಾಡಿಸುತ್ತಾರೆ. ಹತ್ತನೆಯ ತರಗತಿಯಲ್ಲಿ ಐಟಿ ಪ್ರಾಯೋಗಿಕ ಪರೀಕ್ಷೆಯೂ ಇದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಗುವಿಗೂ ವಯನಾಡಿನಲ್ಲಿ ಕಲಿಯುವ ಕನ್ನಡ ಮನೆಯ ಮಗುವಿಗೂ ಇದು ಸಮಾನ. ಈ ಕೆಲಸಗಳಿಗೆ ದೊಡ್ಡ ಯಂತ್ರ ಬೇಕಿಲ್ಲ. ಆದುದರಿಂದ ಆಟಕ್ಕೆ ಸಾಕಾಗುವ ಯಂತ್ರ ಓದಿಗೆ ಸಾಕಾಗಿಯೇ ಆಗುತ್ತದೆ. ನೋಡಬೇಕಾದದ್ದು ಅದು ಲಿನಕ್ಸಿನಲ್ಲಿ ತೊಡಕಿಲ್ಲದೆ ನಡೆಯುವುದೇ, ಮತ್ತು ಆರು ವರ್ಷ ಬಾಳುವುದೇ ಎಂಬುದನ್ನು.

‘ಐ7 ಗೇಮಿಂಗ್ ಪಿಸಿ’ ಎಂಬ ಬಲೆ

ಕಡಿಮೆ ಬೆಲೆಗೆ ‘ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 4 ಜಿಬಿ ಗ್ರಾಫಿಕ್ಸ್ ಕಾರ್ಡ್’ ಎಂಬ ಜಾಹೀರಾತುಗಳನ್ನು ಎಲ್ಲರೂ ನೋಡಿರುತ್ತಾರೆ. ಅದರಲ್ಲಿ ಸುಳ್ಳೇನೂ ಇರುವುದಿಲ್ಲ. ಹೇಳದೆ ಬಿಟ್ಟದ್ದು ಮಾತ್ರ ಬಹಳ ಇರುತ್ತದೆ. ಐ7 ಎಂಬುದು ಅಂತಸ್ತಿನ ಹೆಸರು, ವಯಸ್ಸಲ್ಲ. ವಯಸ್ಸು ತಿಳಿಯಲು ಅದರ ಮುಂದಿನ ಅಂಕಿಯನ್ನು ನೋಡಬೇಕು. ಐ7 3770 ಎಂದಿದ್ದರೆ ಅದು ಮೂರನೆಯ ತಲೆಮಾರಿನದು, 2012ರಲ್ಲಿ ಬಂದದ್ದು. ಐ3 12100 ಎಂದಿದ್ದರೆ ಹನ್ನೆರಡನೆಯ ತಲೆಮಾರು, 2022ರದ್ದು. ಹೆಸರಿನಲ್ಲಿ ಕೆಳಗಿರುವ ಈ ಐ3, ಆ ಐ7ನ್ನು ಸುಲಭವಾಗಿ ಹಿಂದಿಕ್ಕುತ್ತದೆ. ಇಂಥ ಜಾಹೀರಾತುಗಳ ಗ್ರಾಫಿಕ್ಸ್ ಕಾರ್ಡ್ ಹಲವು ಬಾರಿ ಜಿಟಿ 730 ಆಗಿರುತ್ತದೆ, ಅದು 2014ರದ್ದು. ಅದರಲ್ಲಿ 4 ಜಿಬಿ ಸ್ಮೃತಿ ಇದ್ದರೂ ವೇಗವಿಲ್ಲ. ದೊಡ್ಡ ಕಣಜ ಕಟ್ಟಿ ಬಾಗಿಲನ್ನು ಕಿರಿದಾಗಿಟ್ಟಂತೆ.

ಇನ್ನೊಂದು ವಿಚಾರವಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿಯಿತು. ವಿಂಡೋಸ್ 11 ಇಂಟೆಲಿನ ಎಂಟನೆಯ ತಲೆಮಾರಿಗಿಂತ ಹಳೆಯ ಪ್ರೊಸೆಸರುಗಳನ್ನು ಅಧಿಕೃತವಾಗಿ ಒಪ್ಪುವುದಿಲ್ಲ. ಲಿನಕ್ಸ್ ಅವುಗಳಲ್ಲಿ ಚೆನ್ನಾಗಿ ನಡೆಯುತ್ತದೆ. ಶಾಲಾ ಕೆಲಸಕ್ಕೆ ಮಾತ್ರ ಎಂದಾದರೆ ಅಂಥ ಹಳೆಯ ಯಂತ್ರವನ್ನು ಅಗ್ಗಕ್ಕೆ ಕೊಳ್ಳಬಹುದು. ಆಟದ ಯಂತ್ರದ ಬೆಲೆ ಕೊಟ್ಟು ಕೊಳ್ಳಬಾರದು.

ಪ್ರೊಸೆಸರ್, ಮದರ್‌ಬೋರ್ಡ್, ರ‍್ಯಾಮ್

ನಮ್ಮ ಸಲಹೆ ಹೀಗೆ: ಮೊದಲ ಹಂತದಲ್ಲಿ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ. ಗ್ರಾಫಿಕ್ಸ್ ತನ್ನೊಳಗೇ ಇರುವ ಪ್ರೊಸೆಸರ್ ಕೊಳ್ಳಿ. ಎಎಂಡಿಯ ರೈಜೆನ್ 5 5600ಜಿ ಇದಕ್ಕೆ ಒಳ್ಳೆಯ ಉದಾಹರಣೆ. 2021ರಲ್ಲಿ ಬಂದ ಇದರಲ್ಲಿ ಆರು ಕೋರುಗಳಿವೆ, ವಿದ್ಯುತ್ ಮಿತಿ 65 ವಾಟ್. ಒಳಗಿನ ಗ್ರಾಫಿಕ್ಸ್ ಮೇಲೆ ಹೇಳಿದ ಜಿಟಿ 730ಕ್ಕಿಂತ ಎಷ್ಟೋ ಬಲವಾದದ್ದು. ಚಿತ್ರದ ಗುಣಮಟ್ಟವನ್ನು ಇಳಿಸಿಕೊಂಡರೆ ವಾಲೊರಂಟ್, ಮೈನ್‌ಕ್ರಾಫ್ಟ್, ಜಿಟಿಎ 5ರಂಥ ಆಟಗಳು ಹಿತವಾಗಿ ನಡೆಯುತ್ತವೆ. ಈಚಿನ ಭಾರೀ ಆಟಗಳು ನಡೆಯವು. ಈ ಮಾತನ್ನು ಮಕ್ಕಳಿಗೆ ಅಂಗಡಿಗೆ ಹೋಗುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಣ ತುಸು ಹೆಚ್ಚಿದ್ದರೆ 2024ರ ರೈಜೆನ್ 5 8600ಜಿ ಇದೆ. ಅದರ ಮದರ್‌ಬೋರ್ಡ್ ಬೇರೆ, ರ‍್ಯಾಮ್ ಡಿಡಿಆರ್5. 5600ಜಿಗೆ ಬೇಕಾದದ್ದು ಎಎಂ4 ಬೋರ್ಡ್ ಮತ್ತು ಡಿಡಿಆರ್4 ರ‍್ಯಾಮ್. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ.

ಇಂಟೆಲ್ ಪ್ರೊಸೆಸರಿನ ಹೆಸರಿನ ಕೊನೆಯಲ್ಲಿ ‘ಎಫ್’ ಎಂಬ ಅಕ್ಷರವಿದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ. ಐ3 12100ಎಫ್ ಅಗ್ಗವೆಂದು ತಂದು ಮಾನಿಟರಿಗೆ ತಂತಿ ಜೋಡಿಸಿದರೆ ಪರದೆ ಕಪ್ಪಾಗಿಯೇ ಇರುತ್ತದೆ. ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೇ ಕೊಳ್ಳುವವರಿಗೆ ಮಾತ್ರ ಅದು ತಕ್ಕದ್ದು.

ಮದರ್‌ಬೋರ್ಡಿನ ವಿಷಯ ಸರಳ. ಎ520 ಅಥವಾ ಬಿ550 ಜಾತಿಯದು, ಹೆಸರಾಂತ ಕಂಪೆನಿಯದು, ಎಂ.2 ಎಸ್‌ಎಸ್‌ಡಿ ಕೂರಿಸುವ ಜಾಗ ಇರುವಂಥದು ಸಾಕು. ಕಂಪೆನಿಯ ಹೆಸರಿಲ್ಲದ ಬೋರ್ಡನ್ನು ಪ್ರೊಸೆಸರಿನೊಡನೆ ‘ಸೆಟ್’ ಮಾಡಿ ಕೊಡುವುದುಂಟು, ಅದು ಬೇಡ.

ರ‍್ಯಾಮ್ ವಿಚಾರದಲ್ಲಿ ಸ್ವಲ್ಪ ನಿಲ್ಲಬೇಕು. ಪ್ರೊಸೆಸರಿನೊಳಗಿನ ಗ್ರಾಫಿಕ್ಸಿಗೆ ತನ್ನದೇ ಆದ ಸ್ಮೃತಿ ಇಲ್ಲ. ಅದು ಯಂತ್ರದ ರ‍್ಯಾಮಿನಿಂದಲೇ ಕಡ ತೆಗೆದುಕೊಳ್ಳುತ್ತದೆ. ಹಾಗಾಗಿ ರ‍್ಯಾಮಿನ ವೇಗವೇ ಆಟದ ವೇಗ. 16 ಜಿಬಿಯ ಒಂದು ಪಟ್ಟಿಗಿಂತ 8 ಜಿಬಿಯ ಎರಡು ಪಟ್ಟಿಗಳು ಲೇಸು, ಏಕೆಂದರೆ ಎರಡು ದಾರಿಗಳಲ್ಲಿ ಏಕಕಾಲಕ್ಕೆ ದತ್ತಾಂಶ ಹರಿಯುತ್ತದೆ. ಈ ವ್ಯತ್ಯಾಸ ಶಾಲಾ ಕೆಲಸದಲ್ಲಿ ಕಾಣುವುದಿಲ್ಲ, ಆಟದಲ್ಲಿ ಕಣ್ಣಿಗೆ ಹೊಡೆಯುವಂತೆ ಕಾಣುತ್ತದೆ. 2025ರ ಕೊನೆಯ ತಿಂಗಳುಗಳಲ್ಲಿ ಕೃತಕ ಬುದ್ಧಿಮತ್ತೆಯ ದತ್ತಾಂಶ ಕೇಂದ್ರಗಳ ಬೇಡಿಕೆಯಿಂದ ಜಗತ್ತಿನಾದ್ಯಂತ ರ‍್ಯಾಮಿನ ಬೆಲೆ ತೀವ್ರವಾಗಿ ಏರಿತು. ಹಣ ಸಾಲದಿದ್ದರೆ 8 ಜಿಬಿಯ ಒಂದು ಪಟ್ಟಿಯಿಂದ ಆರಂಭಿಸಿ, ಅಂಥದೇ ಇನ್ನೊಂದನ್ನು ಆಮೇಲೆ ಸೇರಿಸಬಹುದು. ರ‍್ಯಾಮಿಗೆಂದು ಎಸ್‌ಎಂಪಿಎಸ್ಸಿನ ಹಣವನ್ನು ಮಾತ್ರ ಕಡಿಮೆ ಮಾಡಬೇಡಿ. ಸಂಗ್ರಹಕ್ಕೆ 500 ಜಿಬಿಯ ಎನ್‌ವಿಎಂಇ ಎಸ್‌ಎಸ್‌ಡಿ ಸಾಕು.

ಸಿಡಿಲಿನ ನಾಡಿನಲ್ಲಿ ಎಸ್‌ಎಂಪಿಎಸ್

ಎಸ್‌ಎಂಪಿಎಸ್ ಎಂದರೆ ಗೋಡೆಯ 230 ವೋಲ್ಟ್ ವಿದ್ಯುತ್ತನ್ನು ಯಂತ್ರಕ್ಕೆ ಬೇಕಾದ 12, 5, 3.3 ವೋಲ್ಟುಗಳಿಗೆ ಇಳಿಸಿಕೊಡುವ ಪೆಟ್ಟಿಗೆ. ಆಟದ ವೇಗಕ್ಕೂ ಇದಕ್ಕೂ ಸಂಬಂಧವಿಲ್ಲ. ಹಾಗಾಗಿಯೇ ಎಲ್ಲರೂ ಮೊದಲು ಕತ್ತರಿ ಹಾಕುವುದು ಇದಕ್ಕೆ. ನಮ್ಮ ಬಳಗದ ಒಂದು ಮನೆಯಲ್ಲಿ ಕ್ಯಾಬಿನೆಟ್ಟಿನ ಜೊತೆ ಉಚಿತವಾಗಿ ಬಂದ, ಮೈಮೇಲೆ ‘500 ವಾಟ್’ ಎಂದು ಬರೆದಿದ್ದ ಹಗುರವಾದ ಎಸ್‌ಎಂಪಿಎಸ್ ಮೇ ತಿಂಗಳ ಒಂದು ಸಂಜೆ ಸುಟ್ಟಿತು. ಹೋಗುವಾಗ ಮದರ್‌ಬೋರ್ಡನ್ನೂ ಎಸ್‌ಎಸ್‌ಡಿಯನ್ನೂ ಕರೆದುಕೊಂಡು ಹೋಯಿತು. ಎಸ್‌ಎಸ್‌ಡಿಯಲ್ಲಿ ಮಗಳ ಒಂದು ವರ್ಷದ ಚಿತ್ರಗಳೂ ಅನಿಮೇಷನ್ ಕೆಲಸವೂ ಇದ್ದವು. ಉಳಿಸಿದ ಹಣ ಎರಡು ಸಾವಿರವೂ ಇರಲಿಲ್ಲ.

ಕೇರಳದ ಬೆಟ್ಟಸೀಮೆಗಳಲ್ಲಿ ಗುಡುಗು ಮಿಂಚು ಹೆಚ್ಚಾಗಿ ಬರುವುದು ಏಪ್ರಿಲ್, ಮೇ ತಿಂಗಳುಗಳಲ್ಲಿ, ಮತ್ತೆ ಅಕ್ಟೋಬರ್, ನವೆಂಬರುಗಳಲ್ಲಿ. ಅದೂ ಮಧ್ಯಾಹ್ನ ಕಳೆದ ಮೇಲೆ. ಮಕ್ಕಳು ಹೊಸ ಯಂತ್ರದ ಮುಂದೆ ಕೂರುವ ಬೇಸಗೆ ರಜೆಯ ಇಳಿಹೊತ್ತು ಅದುವೇ. ಆದುದರಿಂದ ಈ ಭಾಗಕ್ಕೆ ನಾವು ಹೆಚ್ಚು ತೂಕ ಕೊಡುತ್ತೇವೆ. ಹೆಸರಾಂತ ಕಂಪೆನಿಯ, 80 ಪ್ಲಸ್ ಬ್ರಾಂಜ್ ಮುದ್ರೆಯ, 450ರಿಂದ 550 ವಾಟಿನ ಎಸ್‌ಎಂಪಿಎಸ್ ಕೊಳ್ಳಿ. ಆ ಮುದ್ರೆ ದಕ್ಷತೆಯದು, ಸುರಕ್ಷತೆಯದಲ್ಲ. ಆದರೂ ಅದನ್ನು ಪಡೆದ ಪೆಟ್ಟಿಗೆಗಳು ಸಾಮಾನ್ಯವಾಗಿ ಒಳಗೂ ನೆಟ್ಟಗಿರುತ್ತವೆ. ವಾರಂಟಿಯ ವರ್ಷಗಳನ್ನು ಕೇಳಿ; ಮೂರಕ್ಕಿಂತ ಕಡಿಮೆಯಿದ್ದರೆ ಬೇರೆಯದನ್ನು ನೋಡಿ.

ಎಷ್ಟು ಒಳ್ಳೆಯದನ್ನು ತಂದರೂ ಮನೆಯ ಅರ್ತಿಂಗ್ ಸರಿಯಿಲ್ಲದಿದ್ದರೆ ಪೂರ್ಣ ರಕ್ಷಣೆ ಇಲ್ಲ. ಕ್ಯಾಬಿನೆಟ್ಟಿನ ಲೋಹವನ್ನು ಮುಟ್ಟಿದಾಗ ಬೆರಳು ಜುಮ್ಮೆಂದರೆ ಅರ್ತಿಂಗ್ ತಪ್ಪಿದೆ ಎಂದೇ ತಿಳಿದು ಎಲೆಕ್ಟ್ರಿಶಿಯನ್ನನ್ನು ಕರೆಸಿ. ಬೇಸಗೆಯಲ್ಲಿ ಮಣ್ಣು ಒಣಗಿ ಅರ್ತಿಂಗ್ ದುರ್ಬಲವಾಗುತ್ತದೆ. ಗುಂಡಿಗೆ ಆಗಾಗ ನೀರು ಹೊಯ್ಯುವ ಹಳೆಯ ರೂಢಿ ಸರಿಯಾದದ್ದೇ. ಯುಪಿಎಸ್ ಇದ್ದರೆ ಸಿಡಿಲು ತಾಗದು ಎಂಬ ನಂಬಿಕೆ ಹಲವರಲ್ಲಿದೆ. ಯುಪಿಎಸ್ ಇರುವುದು ಕರೆಂಟು ಹೋದಾಗ ಕೆಲಸ ಉಳಿಸಿಕೊಂಡು ಯಂತ್ರವನ್ನು ಕ್ರಮವಾಗಿ ಆರಿಸಲಿಕ್ಕೆ. ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ 600 ವಿಎ ಯುಪಿಎಸ್ ಸಾಕು. ಕಾರ್ಡ್ ಸೇರಿಸಿದರೆ 1000 ವಿಎ ಬೇಕಾಗುತ್ತದೆ. ಸಿಡಿಲಿಗೆ ಮದ್ದು ಒಂದೇ, ಪ್ಲಗ್ ಕೀಳುವುದು. ಗುಡುಗು ದೂರದಲ್ಲಿರುವಾಗಲೇ ಅದು ಆಗಬೇಕು. ಸಿಡಿಲು ತಲೆಯ ಮೇಲೆ ಬಂದ ಮೇಲೆ ತಂತಿ ಮುಟ್ಟುವುದು ಅಪಾಯ. ಇಂಟರ್‌ನೆಟ್ ಫೈಬರಿನದಾದರೂ ರೂಟರಿನ ಅಡಾಪ್ಟರ್ ಗೋಡೆಯಲ್ಲೇ ಇರುತ್ತದೆ. ಅಲ್ಲಿಂದ ಲ್ಯಾನ್ ತಂತಿಯ ಮೂಲಕ ಮದರ್‌ಬೋರ್ಡಿಗೆ ಪೆಟ್ಟು ಬೀಳಬಹುದು. ಅದನ್ನೂ ಕಳಚಬೇಕು.

ಇಲ್ಲಿನ ಹವೆ ಒಂದು ವಿಧದಲ್ಲಿ ನಮಗೆ ಅನುಕೂಲ. ವಯನಾಡು ಸಮುದ್ರಮಟ್ಟದಿಂದ 700 ಮೀಟರಿಗೂ ಎತ್ತರದ ಪ್ರಸ್ಥಭೂಮಿ. ಕರಾವಳಿಯ ಸೆಕೆ ಇಲ್ಲಿಲ್ಲ. ಪ್ರೊಸೆಸರಿನ ಜೊತೆಗೇ ಬರುವ ಫ್ಯಾನು ಸಾಕಾಗುತ್ತದೆ, ದುಬಾರಿ ಕೂಲರ್ ಬೇಡ. ಅನನುಕೂಲವೆಂದರೆ ಮಳೆಗಾಲದ ತೇವ. ಯಂತ್ರವನ್ನು ಗೋಡೆಗೆ ತಾಗಿಸದೆ, ನೆಲದ ಮೇಲಿಡದೆ, ದಿನಕ್ಕೊಮ್ಮೆಯಾದರೂ ಸ್ವಲ್ಪ ಹೊತ್ತು ನಡೆಸಬೇಕು. ತಿಂಗಳುಗಟ್ಟಲೆ ಮುಚ್ಚಿಟ್ಟರೆ ಸಂಪರ್ಕದ ಬಿಂದುಗಳಿಗೆ ಕಿಲುಬು ಹಿಡಿಯುತ್ತದೆ.

ಗ್ರಾಫಿಕ್ಸ್ ಕಾರ್ಡ್, ಮುಂದಿನ ಕೊಯ್ಲಿಗೆ

ಒಂದೆರಡು ವರ್ಷ ಕಳೆದು ಮಗುವಿನ ಆಸಕ್ತಿ ಉಳಿದಿದ್ದರೆ ಕಾರ್ಡ್ ಸೇರಿಸಬಹುದು. 8 ಜಿಬಿಯ ರೇಡಿಯಾನ್ ಆರ್‌ಎಕ್ಸ್ 6600 ಸುಮಾರು 132 ವಾಟ್ ಎಳೆಯುತ್ತದೆ. ಮೊದಲೇ ಒಳ್ಳೆಯ ಎಸ್‌ಎಂಪಿಎಸ್ ತಂದಿದ್ದವರು ಅದನ್ನು ಬದಲಿಸಬೇಕಾಗಿಲ್ಲ. ಎಸ್‌ಎಂಪಿಎಸ್ಸಿನಿಂದ ಪ್ರತ್ಯೇಕ ತಂತಿ ಬೇಡದ ಕಾರ್ಡ್ ಬೇಕಿದ್ದವರಿಗೆ 6 ಜಿಬಿಯ ಆರ್‌ಟಿಎಕ್ಸ್ 3050 ಇದೆ, 70 ವಾಟ್. ಲಿನಕ್ಸಿನಲ್ಲಿ ಎಎಂಡಿ ಕಾರ್ಡುಗಳ ಚಾಲಕ ತಂತ್ರಾಂಶ ಕರ್ನಲಿನಲ್ಲೇ ಇರುತ್ತದೆ. ಎನ್ವಿಡಿಯಾದ್ದನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಶಾಲೆಯ ಕೆಲಸವೂ ಆಟವೂ ಒಂದೇ ಲಿನಕ್ಸಿನಲ್ಲಿ ನಡೆಯಬೇಕೆಂದಿದ್ದರೆ ಎಎಂಡಿ ಸುಲಭ. ಬಳಸಿದ ಕಾರ್ಡನ್ನು ಕಣ್ಣೆದುರು ಅರ್ಧ ಗಂಟೆ ಆಟ ನಡೆಸಿ ನೋಡದೆ ಕೊಳ್ಳಬಾರದು.

ಲಿನಕ್ಸಿನಲ್ಲಿ ಆಟವಿಲ್ಲ ಎಂಬ ಕಾಲ ಹೋಯಿತು. ಕೌಂಟರ್ ಸ್ಟ್ರೈಕ್ 2, ಡೋಟಾ 2, ಮೈನ್‌ಕ್ರಾಫ್ಟ್ ಜಾವಾ ಆವೃತ್ತಿ ಅದರಲ್ಲಿ ನೇರವಾಗಿ ನಡೆಯುತ್ತವೆ. ಸ್ಟೀಮ್ 2018ರಲ್ಲಿ ತಂದ ಪ್ರೋಟಾನ್ ಮೂಲಕ ವಿಂಡೋಸಿನ ಅನೇಕ ಆಟಗಳೂ ನಡೆಯುತ್ತವೆ. ವಾಲೊರಂಟ್, ಫೋರ್ಟ್‌ನೈಟ್ ನಡೆಯುವುದಿಲ್ಲ. ಮೋಸ ತಡೆಯುವ ಅವುಗಳ ತಂತ್ರಾಂಶವೇ ಅಡ್ಡಿ. ಅವು ಬೇಕೇ ಬೇಕೆಂದರೆ ವಿಂಡೋಸ್ 11ನ್ನು ಎರಡನೆಯದಾಗಿ ಹಾಕಿಕೊಳ್ಳಬಹುದು, ಪರವಾನಗಿಯ ಹಣವನ್ನು ಲೆಕ್ಕದಲ್ಲಿ ಸೇರಿಸಿಕೊಂಡು. ಅಂಗಡಿಯವರು ಪುಕ್ಕಟೆ ಹಾಕಿಕೊಡುವ ವಿಂಡೋಸ್ ಬಹುತೇಕ ಪರವಾನಗಿ ಇಲ್ಲದ್ದು.

ಎಲ್ಲಿ ಕೊಳ್ಳಬೇಕು?

ಕಲ್ಪೆಟ್ಟ, ಮಾನಂತವಾಡಿ, ಸುಲ್ತಾನ್ ಬತ್ತೇರಿಗಳಲ್ಲಿ ಆಯ್ಕೆ ಕಡಿಮೆ, ಆದರೆ ಕೆಟ್ಟಾಗ ಹೋಗಿ ನಿಲ್ಲಲು ಬಾಗಿಲಿದೆ. ತಾಮರಶ್ಶೇರಿ ಘಾಟಿ ಇಳಿದರೆ ಕೋಝಿಕ್ಕೋಡು. ಗಡಿ ದಾಟಿದರೆ ಮೈಸೂರು, ಇನ್ನೂ ಮುಂದೆ ಬೆಂಗಳೂರಿನ ಎಸ್.ಪಿ. ರಸ್ತೆ. ಅಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡಬಹುದೆಂಬುದು ನಮ್ಮ ಹಿರಿಯರಿಗೊಂದು ಧೈರ್ಯ. ಆದರೆ ಬಂಡೀಪುರದ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 766 ರಾತ್ರಿ 9ರಿಂದ ಬೆಳಗ್ಗೆ 6ರ ತನಕ ಮುಚ್ಚಿರುತ್ತದೆ. ವಾರಂಟಿಗಾಗಿ ಎರಡು ಸಲ ಹೋಗಿಬಂದರೆ ಉಳಿಸಿದ್ದೆಲ್ಲ ಬಸ್ಸಿಗೂ ಊಟಕ್ಕೂ ಸಂದಾಯ. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿಗಳು ಕೆಡುವುದು ಅಪರೂಪ, ಅವನ್ನು ದೂರದಿಂದ ತರಿಸಬಹುದು. ಎಸ್‌ಎಂಪಿಎಸ್, ಮದರ್‌ಬೋರ್ಡ್, ಮಾನಿಟರ್, ಯುಪಿಎಸ್‌ಗಳನ್ನು ಹತ್ತಿರದಲ್ಲೇ ಕೊಳ್ಳಿ. ಜಿಎಸ್‌ಟಿ ಬಿಲ್ಲಿನಲ್ಲಿ ಪ್ರತಿ ಭಾಗದ ಹೆಸರೂ ಸೀರಿಯಲ್ ಸಂಖ್ಯೆಯೂ ಇರಲಿ. ‘ಅಸೆಂಬಲ್ಡ್ ಕಂಪ್ಯೂಟರ್ – 1’ ಎಂದು ಬರೆದ ಬಿಲ್ಲು ವಾರಂಟಿಗೆ ಉಪಯೋಗಕ್ಕೆ ಬಾರದು. ಪ್ರೊಸೆಸರ್ ಮುದ್ರೆ ಒಡೆಯದ ಪೆಟ್ಟಿಗೆಯಲ್ಲಿರಲಿ. ಜೋಡಿಸಿದ ಯಂತ್ರವನ್ನು ಘಾಟಿಯ ಒಂಬತ್ತು ತಿರುವುಗಳಲ್ಲಿ ಬಸ್ಸಿನಲ್ಲಿ ತರುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಕಳಚಿ ಬೇರೆಯಾಗಿ ಹಿಡಿದುಕೊಳ್ಳಿ.

ಮಾನಿಟರ್ 22ರಿಂದ 24 ಇಂಚಿನದು, 1920×1080 ಬಿಂದುಗಳದ್ದು ಸಾಕು. ಕೀಲಿಮಣೆ ಸಾಧಾರಣದ್ದೇ ಇರಲಿ, ಹೊಳೆಯುವುದು ಬೇಡ. ಯಂತ್ರ ಮನೆಗೆ ಬಂದ ದಿನವೇ ಉಬುಂಟುವಿನ ಕೀಲಿಮಣೆಯ ವ್ಯವಸ್ಥೆಗೆ ಹೋಗಿ ಕನ್ನಡವನ್ನು ಸೇರಿಸಿ. ಅಲ್ಲಿ ಇನ್‌ಸ್ಕ್ರಿಪ್ಟ್ ಮಾದರಿಯೂ ಕಗಪ ಮಾದರಿಯೂ ಇವೆ. ಹೊಸದಾಗಿ ಕಲಿಯುವ ಮಗುವಿಗೆ, ಉಚ್ಚಾರದಂತೆ ಒತ್ತಿದರೆ ಅಕ್ಷರ ಮೂಡುವ ಕಗಪ ಬೇಗ ಕೈಗೆ ಹತ್ತುತ್ತದೆ.