ಮೂರು ಕಲ್ಲು, ಒಂದು ರಾತ್ರಿಯ ನೆಲ

ನನಗೆ ಒಂಬತ್ತು ವರ್ಷವಿದ್ದಾಗ ಒಂದು ಸಂಜೆ ಯಾರೋ ನಮ್ಮ ಒಲೆಗೆ ನೀರು ಸುರಿದರು.

ಕಬ್ಬು ಕಡಿಯಲು ಹೊರಟಿದ್ದೆವು. ವಿಜಯಪುರ ಜಿಲ್ಲೆಯ ನಮ್ಮ ತಾಂಡಾದಿಂದ ಪಶ್ಚಿಮದ ಕಡೆಗೆ ಎತ್ತಿನ ಗಾಡಿಯಲ್ಲಿ ಅದು ಎರಡನೆಯ ದಿನದ ದಾರಿ. ಕತ್ತಲಾಗುವ ಹೊತ್ತಿಗೆ ಒಂದು ಹೊಲದ ಬದುವಿನ ಪಕ್ಕ ಅಪ್ಪ ಗಾಡಿ ಬಿಟ್ಟ. ಯಾಡಿ ಮೂರು ಕಲ್ಲು ಆರಿಸಿ ತಂದು ಒಲೆ ಹೂಡಿದಳು. ಲಂಬಾಣಿಗರ ಮನೆಮಾತಾದ ಗೋರಬೋಲಿಯಲ್ಲಿ ಯಾಡಿ ಅಂದರೆ ಅಮ್ಮ. ಹಂಚಿನ ಮೇಲೆ ಎರಡನೆಯ ರೊಟ್ಟಿ ಬೇಯುತ್ತಿರುವಾಗ ಹೊಲದವರು ಬಂದರು.

“ಇಲ್ಲಿ ಬೆಂಕಿ ಹಚ್ಚಾಕ ಯಾರು ಹೇಳ್ಯಾರ ನಿಮಗ? ಅಲ್ಲೇ ಕಣಕಿ ಬಣವಿ ಐತಿ, ಕಾಣಂಗಿಲ್ಲೇನು?”

“ಅಡಗಿ ಆದಕೂಡ್ಲೆ ಆರಸ್ತೀವ್ರೀ ಗೌಡ್ರ, ಸಣ್ಣ ಹುಡುಗ್ರದಾವ,” ಎಂದ ಅಪ್ಪ.

ನೀರು ಸುರಿದದ್ದು ನಮ್ಮದೇ ಕೊಡದಿಂದ. ಯಾಡಿ ಏನೂ ಮಾತಾಡಲಿಲ್ಲ. ಅರ್ಧ ಬೆಂದ ರೊಟ್ಟಿಯನ್ನು ಮಡಚಿ ನನ್ನ ಕೈಗೆ ಕೊಟ್ಟು, ಬಿಸಿ ಹಂಚನ್ನು ಸೆರಗಿನಲ್ಲಿ ಹಿಡಿದು ಗಾಡಿಗೆ ಹಾಕಿದಳು. ಹೊಲದವರ ಭಯವೂ ಸುಳ್ಳಲ್ಲ. ಒಂದು ಕಿಡಿ ಹಾರಿದ್ದರೆ ಅವರ ದನಗಳ ವರ್ಷದ ಮೇವು ಬೂದಿಯಾಗುತ್ತಿತ್ತು. ಆದರೂ ಆ ರಾತ್ರಿ ನನ್ನ ತಲೆಗೆ ಹೊಕ್ಕ ಪ್ರಶ್ನೆ ಇನ್ನೂ ಹೋಗಿಲ್ಲ. ದಾರಿಯಲ್ಲಿರುವ ಒಂದು ಕುಟುಂಬ ತನ್ನ ರಾತ್ರಿಯ ಊಟ ಬೇಯಿಸಿಕೊಳ್ಳಲು ಎಷ್ಟು ನೆಲ ಬೇಕು, ಆ ನೆಲ ಯಾರದು?

ಈಗ ನಾನು ದಖ್ಖನ್ನಿನ ಸರಕು ಸಾಗಣೆಯ ಇತಿಹಾಸದ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಹಾಗಾಗಿ ಬಂಜಾರರು, ಅಂದರೆ ಲಂಬಾಣಿಗರು, ದಿನವೂ ನನ್ನ ಮೇಜಿನ ಮೇಲೆ ಸಿಗುತ್ತಾರೆ. ಪೀಟರ್ ಮಂಡಿ ಎಂಬ ಇಂಗ್ಲಿಷ್ ವ್ಯಾಪಾರಿ 1632ರಲ್ಲಿ ಆಗ್ರಾದಿಂದ ಪಾಟ್ನಾಕ್ಕೆ ಹೋಗುವಾಗ ಬಂಜಾರರ ಒಂದು ತಾಂಡಾ ಎದುರಾಯಿತಂತೆ. ಅದರಲ್ಲಿ 14,000 ಎತ್ತುಗಳು, ಎಲ್ಲದರ ಮೇಲೂ ಧಾನ್ಯ. ಹೆಂಡತಿ ಮಕ್ಕಳು, ಮನೆಯ ಸಾಮಾನು ಎಲ್ಲವೂ ಜೊತೆಗೇ ಸಾಗುತ್ತವೆ ಎಂದು ಅವನು ಬರೆಯುತ್ತಾನೆ. ದಿನಕ್ಕೆ ಹೆಚ್ಚೆಂದರೆ ಆರೇಳು ಮೈಲಿ ನಡಿಗೆ, ಅದೂ ತಂಪು ಹೊತ್ತಿನಲ್ಲಿ. ಹೇರು ಇಳಿಸಿದ ಮೇಲೆ ಎತ್ತುಗಳನ್ನು ಮೇಯಲು ಬಿಡುತ್ತಾರೆ. ನೆಲ ಬೇಕಾದಷ್ಟಿದೆ, ಬೇಡ ಎನ್ನುವವರು ಯಾರೂ ಇಲ್ಲ ಎಂಬರ್ಥದ ಮಾತನ್ನು ಅವನು ಸೇರಿಸುತ್ತಾನೆ.

ಸಂಶೋಧಕರು ಸಾಮಾನ್ಯವಾಗಿ ಈ ಭಾಗದಿಂದ ಎತ್ತಿನ ಸಂಖ್ಯೆಯನ್ನು ಎತ್ತಿಕೊಳ್ಳುತ್ತಾರೆ. ನಾನೂ ಮೊದಲು ಅದನ್ನೇ ಟಿಪ್ಪಣಿ ಮಾಡಿಕೊಂಡೆ. ಆಮೇಲೆ ಒಂದು ದಿನ ಸುಮ್ಮನೆ ಬೇರೆ ಲೆಕ್ಕ ಹಾಕಿದೆ. ಇಪ್ಪತ್ತು ಎತ್ತಿಗೆ ಒಂದು ಮನೆ ಎಂದು ಹಿಡಿದರೂ 700 ಮನೆಗಳಾಗುತ್ತವೆ. ಅಂದರೆ ಸಂಜೆಗೆ 700 ಒಲೆ, 2,100 ಕಲ್ಲು. ಅಷ್ಟೂ ಒಲೆಗೆ ಸೌದೆ ಬೇಕು, ಅಷ್ಟೂ ಮನೆಗೆ ನೀರು ಬೇಕು. ಗಂಡಸರು ಹೇರು ಇಳಿಸಿ ಎತ್ತು ಕಟ್ಟುವಷ್ಟರಲ್ಲಿ ಹೆಂಗಸರ ದಿನದ ಎರಡನೆಯ ಪಾಳಿ ಶುರುವಾಗುತ್ತಿತ್ತು.

ಬಯಲಿನ ಅಡುಗೆ ನೋಡಲು ಸರಳ, ಮಾಡಲು ಅಲ್ಲ. ಕಲ್ಲು ಮೂರೇ ಏಕೆಂದರೆ ನೆಲ ಎಷ್ಟು ಏರುಪೇರಾಗಿದ್ದರೂ ಮೂರರ ಮೇಲೆ ಇಟ್ಟ ಪಾತ್ರೆ ಅಲುಗುವುದಿಲ್ಲ. ಯಾಡಿ ದೊಡ್ಡ ಕಲ್ಲನ್ನು ಗಾಳಿ ಬರುವ ಕಡೆ ಇಡುತ್ತಿದ್ದಳು. ಇಲ್ಲವಾದರೆ ಉರಿಯನ್ನೆಲ್ಲ ಗಾಳಿಯೇ ತಿಂದುಬಿಡುತ್ತದೆ. ಕಬ್ಬಿನ ರವದಿ ಕಾಗದದಂತೆ ಭಗ್ ಎಂದು ಉರಿದು ಆರುತ್ತದೆ, ಅದು ಬೆಂಕಿ ಹೊತ್ತಿಸಲಷ್ಟೇ. ಹಂಚು ಒಂದೇ ಹದದಲ್ಲಿ ಕಾಯಬೇಕಾದರೆ ತೊಗರಿಕಟ್ಟಿಗೆಯೋ ಹತ್ತಿಕಟ್ಟಿಗೆಯೋ ಬೇಕು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ, ಬಿಸಿನೀರು ಹಾಕಿ ನಾದಬೇಕು. ಆದ್ದರಿಂದ ಮೊದಲು ನೀರು ಕಾಯಬೇಕು, ಆಮೇಲೆ ಹಂಚು. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಕೊನೆಗೆ ಕೆಂಡದ ಎದುರು ಕಲ್ಲಿಗೆ ಒರಗಿಸಿ ನಿಲ್ಲಿಸಿದರೆ ಅದು ಉಬ್ಬುತ್ತದೆ. ಜೊತೆಗೆ ಕಡಲೆಹಿಟ್ಟಿನ ಝುಣಕ, ಹಸಿ ಉಳ್ಳಾಗಡ್ಡಿ. ಉಳಿದ ರೊಟ್ಟಿ ಮರುದಿನ ನಡೆಯುತ್ತ ತಿನ್ನಲು. ಒಂದು ಹಂಚು, ಒಂದು ಪಾತ್ರೆ, ಒಂದು ಪರಾತಕ್ಕಿಂತ ಹೆಚ್ಚಿನದನ್ನು ಬೇಡುವ ಅಡುಗೆ ದಾರಿಗೆ ಹೊಂದುವುದಿಲ್ಲ.

ಇಷ್ಟಾದರೂ ಆಗಬೇಕಾದರೆ ನೀರು, ಉರುವಲು, ಒಂದು ರಾತ್ರಿಯ ನೆಲ ಸಿಗಬೇಕು. ಬಂಜಾರರ ಪರಂಪರೆಯ ಅತ್ಯಂತ ಹೆಸರಾದ ಕಥೆ ಇರುವುದೂ ಇದರ ಬಗ್ಗೆಯೇ. ಷಹಜಹಾನನ ಕಾಲದ ದಖ್ಖನ್ ದಂಡಯಾತ್ರೆಯಲ್ಲಿ ಸೈನ್ಯಕ್ಕೆ ಧಾನ್ಯ ಸಾಗಿಸಿದ ಭಂಗಿ, ಜಂಗಿ ಎಂಬ ನಾಯಕರಿಗೆ ಆಸಫ್ ಖಾನ್ ತಾಮ್ರಪಟ ಕೊಟ್ಟನಂತೆ. ದಾರಿಯ ಊರುಗಳಲ್ಲಿ ಹರವಿಯ ನೀರು, ಚಪ್ಪರದ ಹುಲ್ಲು ತೆಗೆದುಕೊಳ್ಳುವ ಹಕ್ಕು ಅದರಲ್ಲಿತ್ತಂತೆ. ದಿನಕ್ಕೆ ಮೂರು ಕೊಲೆ ಮಾಫಿ ಎಂಬ ಮಾತೂ ಸೇರಿರುವುದರಿಂದ ವಸಾಹತು ಕಾಲದ ಅಧಿಕಾರಿಗಳು ಈ ಕಥೆಯನ್ನು ರುಚಿಯಿಂದ ಬರೆದುಕೊಂಡರು. ನನಗೆ ಮುಖ್ಯವಾಗಿ ಕಾಣುವುದು ಕೊಲೆಯಲ್ಲ, ನೀರು ಮತ್ತು ಹುಲ್ಲು. ಒಂದು ಸಮುದಾಯ ತನ್ನ ಹೆಮ್ಮೆಯ ಕಥೆಯಲ್ಲಿ ಬಾದಶಹನಿಂದ ಚಿನ್ನ ಕೇಳಲಿಲ್ಲ, ಜಹಗೀರು ಕೇಳಲಿಲ್ಲ. ತಂಗಿದ ಕಡೆ ಯಾರೂ ಎಬ್ಬಿಸದಿರಲಿ ಎಂದು ಕೇಳಿತು.

ಸೈನ್ಯಗಳಿಗೆ ಬಂಜಾರರು ಬೇಕಾಗಿದ್ದ ಕಾಲದಲ್ಲಿ ಈ ಹಕ್ಕು ಹೇಗೋ ನಡೆದುಕೊಂಡು ಬಂತು. 1791ರ ಮೇ ತಿಂಗಳಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದ ಹತ್ತಿರಕ್ಕೆ ಬಂದೂ ಮುತ್ತಿಗೆ ಹಾಕಲಾಗಲಿಲ್ಲ. ಧಾನ್ಯ ತೀರಿತ್ತು, ಎತ್ತುಗಳು ಸಾಯುತ್ತಿದ್ದವು. ಭಾರಿ ಫಿರಂಗಿಗಳನ್ನು ಎಳೆಯಲಾಗದೆ ತಾನೇ ನಾಶಮಾಡಿ ಅವನು ಹಿಂದಿರುಗಿದ. ಮರುವರ್ಷ ಮತ್ತೆ ಬಂದಾಗ ಅವನ ಬೆನ್ನಿಗೆ ಬಂಜಾರರ ಧಾನ್ಯವಿತ್ತು. 1803ರ ಮರಾಠಾ ಯುದ್ಧದ ಕಾಲದ ಆರ್ಥರ್ ವೆಲ್ಲೆಸ್ಲಿಯ ಪತ್ರಗಳಲ್ಲಿ ಬಂಜಾರರ ಸುದ್ದಿ ಮತ್ತೆ ಮತ್ತೆ ಬರುತ್ತದೆ. ಅವರು ಎಲ್ಲಿದ್ದಾರೆ, ಎಷ್ಟು ಎತ್ತು, ಎಷ್ಟು ಅಕ್ಕಿ, ಯಾವಾಗ ಬರುತ್ತಾರೆ ಎಂಬ ವಿಚಾರ. ಸಾವಿರಾರು ಸಿಪಾಯಿಗಳ ಊಟ ಹೊತ್ತು ನಡೆದವರು ತಾವು ಸಂಜೆ ಏನು ಉಂಡರು ಎಂಬುದು ಸೇನಾಧಿಪತಿಗೆ ಬೇಕಾದ ಸಂಗತಿಯಾಗಿರಲಿಲ್ಲ.

ಮುಂದೆ ಯುದ್ಧಗಳು ಮುಗಿದವು, ಹಳಿಗಳು ಬಂದವು. ಮುಂಬೈ ಕಡೆಯಿಂದ ಬಂದ ರೈಲುಮಾರ್ಗ ಮದ್ರಾಸಿನ ಮಾರ್ಗವನ್ನು ರಾಯಚೂರಿನಲ್ಲಿ ಕೂಡಿದ್ದು 1871ರಲ್ಲಿ. ದಿನಕ್ಕೆ ಆರೇಳು ಮೈಲಿ ನಡೆಯುವ ಎತ್ತು ಅದರ ಜೊತೆ ಪೈಪೋಟಿ ಮಾಡುವುದಾದರೂ ಹೇಗೆ? ಅದೇ 1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯ್ದೆಯೂ ಬಂತು. ಮೊದಲು ಉತ್ತರ ಭಾರತದಲ್ಲಿ ಜಾರಿಯಾದ ಅದು 1911ರ ಹೊಸ ಕಾಯ್ದೆಯ ಮೂಲಕ ನಮ್ಮ ಕಡೆಗೂ ಚಾಚಿಕೊಂಡಿತು. ಪಟ್ಟಿಯಲ್ಲಿ ಹೆಸರಿರುವವರು ಹಾಜರಿ ಹಾಕಬೇಕು, ಊರು ಬಿಡಲು ಪಾಸು ಪಡೆಯಬೇಕು. ಹಲವೆಡೆ ಲಂಬಾಣಿಗರ ಹೆಸರೂ ಆ ಪಟ್ಟಿಗೆ ಸೇರಿತು. ಇವೆರಡರ ನಡುವೆ ಬಂದ 1878ರ ಅರಣ್ಯ ಕಾಯ್ದೆ ಆಗ ಮುಂಬೈ ಪ್ರಾಂತ್ಯದಲ್ಲಿದ್ದ ನಮ್ಮ ಬಿಜಾಪುರದ ಕಡೆಗೂ ಅನ್ವಯಿಸಿತು. ಮೀಸಲು ಅರಣ್ಯದಲ್ಲಿ ದನ ಮೇಯಿಸುವುದು, ಸೌದೆ ಕಡಿಯುವುದು, ಬೆಂಕಿ ಹಚ್ಚುವುದು ಅಪರಾಧವಾಯಿತು. ಪೀಟರ್ ಮಂಡಿ ಕಂಡ, ಬೇಡ ಎನ್ನುವವರಿಲ್ಲದ ನೆಲಕ್ಕೆ ಈಗ ಬೇಡ ಎನ್ನುವವನು ಬಂದಿದ್ದ. ಅವನ ಕೈಯಲ್ಲಿ ಕಾನೂನಿತ್ತು. ದೂರದಲ್ಲಿ ಕಾಣುವ ಹೊಗೆ, ಹಿಂದೆ ಧಾನ್ಯ ಬಂತು ಎಂಬ ಸುದ್ದಿಯಾಗಿದ್ದದ್ದು, ಪೊಲೀಸನಿಗೆ ಸಂಶಯದ ಗುರುತಾಯಿತು.

ತಾಂಡಾಗಳು ಊರ ಹೊರಗೆ ನೆಲೆನಿಂತವು. 1952ರ ಆಗಸ್ಟ್ 31ರಂದು ಆ ಕಾಯ್ದೆ ರದ್ದಾಯಿತು. ಆದರೆ ನೆಲೆನಿಂತ ಕಡೆ ಎಲ್ಲರಿಗೂ ಹೊಲ ಸಿಗಲಿಲ್ಲ, ಸಿಕ್ಕ ಹೊಲಕ್ಕೆ ನೀರು ಬರಲಿಲ್ಲ. ದೀಪಾವಳಿ ಮುಗಿದ ಮೇಲೆ ಗಾಡಿಗಳು ಮತ್ತೆ ದಾರಿ ಹಿಡಿದವು. ಈ ಸಲ ಹೇರಿನಲ್ಲಿ ಧಾನ್ಯವಿಲ್ಲ, ಮೂರ್ನಾಲ್ಕು ತಿಂಗಳಿಗೆ ಬೇಕಾದ ಜೋಳದ ಹಿಟ್ಟಿದೆ. ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಗಂಡ ಹೆಂಡತಿಯ ಜೋಡಿಯನ್ನು ‘ಒಂದು ಕೊಯ್ತಾ’ ಎಂದು ಲೆಕ್ಕ ಹಿಡಿಯುತ್ತಾರೆ. ಕೊಯ್ತಾ ಅಂದರೆ ಕಬ್ಬು ಕಡಿಯುವ ಕತ್ತಿ. ಮುಂಗಡ ಕೊಡುವುದೂ ಕೊಯ್ತಾದ ಮೇಲೆ. ಹಳೆಯ ದಾಖಲೆಗಳಲ್ಲಿ ನಾವು ಎತ್ತಿನ ಸಂಖ್ಯೆಯಾಗಿದ್ದೆವು, ಹೊಸ ಪುಸ್ತಕದಲ್ಲಿ ಕತ್ತಿಯ ಸಂಖ್ಯೆಯಾದೆವು. ದಿನವೆಲ್ಲ ಕಬ್ಬು ಕಡಿದು, ಮೋಳಿಗೆ ಕಟ್ಟಿ, ಹೊತ್ತು ಮುಳುಗಿದ ಮೇಲೆ ಯಾಡಿ ಹೂಡುತ್ತಿದ್ದ ಒಲೆಗೆ ಎರಡೂ ಲೆಕ್ಕದಲ್ಲಿ ಜಾಗವಿಲ್ಲ.

ಕಳೆದ ಯುಗಾದಿಗೆ ಊರಿಗೆ ಹೋದಾಗ ನೀರು ಸುರಿದ ಆ ರಾತ್ರಿಯ ಬಗ್ಗೆ ಯಾಡಿಯನ್ನು ಕೇಳಿದೆ. ಅವಳಿಗೆ ಅದು ಅಷ್ಟಾಗಿ ನೆನಪಿರಲಿಲ್ಲ. ಅಂಥವು ಎಷ್ಟೋ ಆಗಿದ್ದವು. ಅವಳಿಗೆ ನೆನಪಿದ್ದದ್ದು ಮರುದಿನದ ಸಂಜೆ. ಹಳ್ಳದ ದಂಡೆಯಲ್ಲಿ ಒಂದು ಜಾಲಿಗಿಡದ ಕೆಳಗೆ ಮೂರು ಕಲ್ಲು ಕಂಡಿದ್ದವಂತೆ, ಮಸಿ ಹಿಡಿದವು. ಅಲ್ಲಿಯೇ ಗಾಡಿ ಬಿಡಲು ಅಪ್ಪನಿಗೆ ಹೇಳಿದಳಂತೆ.

“ಅಲ್ಲೇ ಯಾಕ?” ಎಂದೆ.

“ಕಲ್ಲು ಅಷ್ಟು ಕರ್ರಗಾಗ್ಬೇಕಾದ್ರ ಎಷ್ಟೋ ಮಂದಿ ಅಲ್ಲಿ ಬಾಟಿ ಮಾಡ್ಯಾರ. ಪೂರಾ ಬೇಯೋತನಕ ಯಾರೂ ಎಬ್ಬಿಸಿಲ್ಲ ಅವರನ್ನ,” ಎಂದಳು. ಬಾಟಿ ಅಂದರೆ ರೊಟ್ಟಿ. ಅವಳು ಹೇಳಿದ್ದು ನಮ್ಮ ಮಾತಿನಲ್ಲಿ, ಕನ್ನಡ ನನ್ನದು.

ಐದು ವರ್ಷದಿಂದ ಹಳೆಯ ಕಾಗದ ಓದುವುದನ್ನು ಕಲಿಯುತ್ತಿದ್ದೇನೆ. ಅಕ್ಷರ ಬಾರದ ಯಾಡಿ ಮೂರು ಕಲ್ಲನ್ನು ಗಾಡಿಯ ಮೇಲಿನಿಂದಲೇ ಓದಿದ್ದಳು. ಆ ರಾತ್ರಿ ನಮಗೆ ಎಲ್ಲ ರೊಟ್ಟಿಯೂ ಬೆಂದವು. ಬೆಳಿಗ್ಗೆ ಹೊರಡುವ ಮುನ್ನ ಅವಳು ಕೆಂಡಕ್ಕೆ ಮಣ್ಣು ಮುಚ್ಚಿ, ಕಲ್ಲುಗಳನ್ನು ಮಾತ್ರ ಕದಲಿಸದೆ ಹಾಗೇ ಬಿಟ್ಟು ಬಂದಳಂತೆ.