ಪದ ಪರಿಚಯ: ರಿ

ಹಾವೇರಿ ಬಸ್ ನಿಲ್ದಾಣದಲ್ಲಿ ಒಬ್ಬರು ಕೇಳುತ್ತಾರೆ: ‘ಬ್ಯಾಡಗಿ ಬಸ್ ಹೋತೇನ್ರಿ?’ ಪಕ್ಕದವರ ಉತ್ತರ: ‘ಇಲ್ರಿ, ಈಗ ಬರ್ತೈತ್ರಿ.’ ಪರಿಚಯವೇ ಇಲ್ಲದ ಇಬ್ಬರ ನಡುವೆ ಮೂರು ಸಲ ‘ರಿ’ ಬಂದುಹೋಯಿತು.

ಇದರ ಬೇರು ಬಹುವಚನದಲ್ಲಿದೆ. ಬನ್ನಿರಿ, ಹೇಳಿರಿ ಎಂಬ ರೂಪಗಳ ಕೊನೆಯ ‘ರಿ’ ಆಡುಮಾತಿನಲ್ಲಿ ಬರ್ರಿ, ಹೇಳ್ರಿ ಎಂದು ಉಳಿದಿದೆ. ‘ರೀ’ ಎಂದು ಎಳೆದರೆ ಅದೇ ಕರೆಯುವ ಪದ. ಗಂಡನ ಹೆಸರು ಹೇಳದ ಹೆಂಡತಿಯರು ಕೂಗುತ್ತಿದ್ದುದೂ ಹೀಗೆಯೇ.

‘ಬರ್ರಿ’ ಎಂಬಲ್ಲಿ ಬರುವವರಿಗೇ ಗೌರವ. ಆದರೆ ರಾಣೆಬೆನ್ನೂರಿನ ರೈತ ‘ಮಳಿ ಬಂತ್ರಿ’ ಎಂದಾಗ ಗೌರವ ಮಳೆಗಲ್ಲ, ಕೇಳುವವರಿಗೆ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಕಾಯಿಯ ಬಗೆಗಳನ್ನು ತೋರಿಸುತ್ತ ‘ಇದು ಡಬ್ಬಿ ಕಾಯಿ ಐತ್ರಿ, ಅದು ಕಡ್ಡಿರಿ’ ಎನ್ನುವಾಗಲೂ ಅಷ್ಟೇ. ಕ್ರಿಯಾಪದವಿರಲಿ, ನಾಮಪದವಿರಲಿ, ಬಾಲಕ್ಕೆ ‘ರಿ’ ಅಂಟಿಕೊಳ್ಳುತ್ತದೆ.

ದೂರದ ಕೊರಿಯನ್ ಭಾಷೆಯಲ್ಲೂ ಇಂಥದೇ ಜಾಣ್ಮೆಯಿದೆ. ಗೆಳೆಯನಿಗೆ ‘ಗೊಮಾವೊ’ ಎಂದರೆ ಧನ್ಯವಾದ. ಅಪರಿಚಿತರಿಗೆ, ಹಿರಿಯರಿಗೆ ‘ಗೊಮಾವೊಯೊ’. ಕೊನೆಯ ‘ಯೊ’ ಬಿಟ್ಟ ಸಲಿಗೆಯ ಮಾತಿಗೆ ಅಲ್ಲಿ ‘ಬನ್‌ಮಲ್’ ಎನ್ನುತ್ತಾರೆ, ಅಂದರೆ ಅರ್ಧ ಮಾತು.

ಹಾವೇರಿ ಸೀಮೆಯಲ್ಲಿ ‘ರಿ’ ಬಿಟ್ಟರೆ ಅಗೌರವವೆಂದೇನಲ್ಲ. ಗೆಳೆಯರೊಳಗೆ ‘ಏನಲೇ, ಎಲ್ಲಿದ್ದಿ?’ ಎಂಬುದೇ ಪ್ರೀತಿ. ತಾಯಿಗಂತೂ ಏಕವಚನವೇ: ‘ಯವ್ವಾ, ಉಂಡಿಯೇನ?’ ಅದೇ ಮಗ ಬಾಗಿಲಿಗೆ ಬಂದ ಅತಿಥಿಯನ್ನು ಕಂಡೊಡನೆ ದನಿ ಬದಲಿಸುತ್ತಾನೆ: ‘ಬರ್ರಿ, ಕುಂದರ್ರಿ, ಚಾ ಕುಡೀರಿ.’